ಸತ್ಯಾಂಶ: ಕ್ಲಾಪ್ಟನ್‌ಗೆ 'ಸ್ಲೋಹ್ಯಾಂಡ್' ಹೆಸರು ಬಂದದ್ದು ಹೇಗೆ?

'ಎರಿಕ್ ಕ್ಲಾಪ್ಟನ್ ಶುರುವಿನಲ್ಲಿ ತುಂಬಾ ನಿಧಾನವಾಗಿ ಗಿಟಾರ್ ನುಡಿಸುತ್ತಿದ್ದರು. ಜನ ಸ್ಲೋಹ್ಯಾಂಡ್ ಅಂತ ಗೇಲಿ ಮಾಡಿದರು. ಆಮೇಲೆ ಛಲ ಹಿಡಿದು ಕಲಿತರು.' ಇಂಥದ್ದೊಂದು ಫಾರ್ವರ್ಡ್ ಓಡಾಡುತ್ತಿದೆ. ಕತೆ ಚೆನ್ನಾಗಿದೆ, ಆದರೆ ನಿಜವಲ್ಲ.

ಬ್ರಿಟನ್ನಿನ ಗಿಟಾರ್ ವಾದಕ ಕ್ಲಾಪ್ಟನ್ 1963ರಲ್ಲಿ ಯಾರ್ಡ್‌ಬರ್ಡ್ಸ್ ಎಂಬ ರಾಕ್ ಸಂಗೀತ ತಂಡ ಸೇರಿದಾಗ ವಯಸ್ಸು 18. ಗಿಟಾರಿಗೆ ತೆಳು ತಂತಿ ಹಾಕಿ, ಬೆರಳಲ್ಲಿ ಎಳೆದೆಳೆದು ನುಡಿಸುತ್ತಿದ್ದರು. ಎಳೆದದ್ದು ಜಾಸ್ತಿಯಾದರೆ ತಂತಿ ಪಟ್ ಅಂತ ತುಂಡಾಗುತ್ತಿತ್ತು. ಅವರು ವೇದಿಕೆ ಮೇಲೆಯೇ ಹೊಸ ತಂತಿ ಕಟ್ಟುತ್ತಿದ್ದರು. ಅಲ್ಲಿಯವರೆಗೆ ಜನ ಸುಮ್ನೆ ಕೂರಬೇಕಲ್ಲ, ಎಲ್ಲರೂ ಒಟ್ಟಿಗೆ ನಿಧಾನವಾಗಿ ಚಪ್ಪಾಳೆ ತಟ್ಟುತ್ತಿದ್ದರು. ಬ್ರಿಟನ್ನಿನಲ್ಲಿ ಇದಕ್ಕೆ 'ಸ್ಲೋ ಹ್ಯಾಂಡ್‌ಕ್ಲ್ಯಾಪ್' ಅಂತಾರೆ. ಕ್ಲಾಪ್ಟನ್ ಹೆಸರಲ್ಲೇ 'ಕ್ಲಾಪ್' (ಚಪ್ಪಾಳೆ) ಇದೆ, ಅಲ್ವಾ? ಈ ಮಾತಿನ ಆಟದಿಂದ ಅಡ್ಡಹೆಸರು ಹುಟ್ಟಿಸಿದವರು ತಂಡದ ಮ್ಯಾನೇಜರ್ ಜಾರ್ಜಿಯೊ ಗೊಮೆಲ್ಸ್ಕಿ.

ಅಂದರೆ ನಿಧಾನವಾಗಿದ್ದದ್ದು ಕೇಳುಗರ ಕೈ! 1965ರಲ್ಲಿ ತಂಡ ಪಾಪ್ ಕಡೆ ವಾಲಿತೆಂದು ಕ್ಲಾಪ್ಟನ್ ಹೊರಬಂದರು. ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ ಶೈಲಿ) ನುಡಿಸಲು ಜಾನ್ ಮೇಯಲ್ ಅವರ ತಂಡ ಸೇರಿದರು. ಆ ದಿನಗಳಲ್ಲೇ ಲಂಡನ್ನಿನ ಗೋಡೆಯೊಂದರ ಮೇಲೆ ಯಾರೋ 'ಕ್ಲಾಪ್ಟನ್ ಈಸ್ ಗಾಡ್' ಅಂತ ಬರೆದಿದ್ದರು.