ಸಿಗ್ನಲ್‌ಗೆ ಬುದ್ಧಿ ಬಂತು, ಸೆಕೆಂಡ್ ಹೋಯ್ತು

ಬೆಂಗಳೂರಿನ ಸಿಗ್ನಲ್‌ಗಳಿಗೆ ಬುದ್ಧಿ ಬಂದಿದೆ. ಗಾಳಿಮಾತಲ್ಲ, ಸರ್ಕಾರದ ಯೋಜನೆಯಲ್ಲೇ ಇದೆ. ತಂತ್ರಜ್ಞಾನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನದು, ಜಂಕ್ಷನ್ 165, ಹೆಸರು ಬಿಎಟಿಸಿಎಸ್, ಅಂದರೆ ಬೆಂಗಳೂರು ಅಡಾಪ್ಟಿವ್ ಟ್ರಾಫಿಕ್ ಕಂಟ್ರೋಲ್ ಸಿಸ್ಟಂ. ಕಂಬದ ಮೇಲಿನ ಕ್ಯಾಮೆರಾ ಯಾವ ಕಡೆಯಿಂದ ಎಷ್ಟು ಗಾಡಿ ಬರುತ್ತಿವೆ ಎಂದು ನೋಡುತ್ತದೆ. ಜಾಸ್ತಿ ಇರುವ ಕಡೆಗೆ ಜಾಸ್ತಿ ಹೊತ್ತು ಹಸಿರು, ಖಾಲಿ ಇರುವ ಕಡೆಗೆ ಕಮ್ಮಿ. ಕೇಳೋಕೆ ಎಷ್ಟು ಚೆಂದ ಅಲ್ವಾ? ತೊಡಕು ಒಂದೇ. ಖಾಲಿ ಇರುವ ಕಡೆ ಅಂತ ಒಂದು ಇರಬೇಕು. ನಾಲ್ಕೂ ಕಡೆ ಬಂಪರ್‌ಗೆ ಬಂಪರ್ ತಾಗಿ ನಿಂತಿರುವಾಗ, ಪಾಪ, ಅದು ಯಾರಿಂದ ಕಿತ್ತು ಯಾರಿಗೆ ಕೊಡಬೇಕು?

ಹಳೇ ಸಿಗ್ನಲ್ ದಡ್ಡ, ನಿಜ. ಆದರೆ ಅದಕ್ಕೊಂದು ಕೌಂಟ್‌ಡೌನ್ ಇತ್ತು. 120 ಅಂತ ಕಂಡರೆ ಗಾಡಿ ಆಫ್. ನೂರಕ್ಕೆ ಮೊಬೈಲ್ ಹೊರಗೆ. ಎಪ್ಪತ್ತಕ್ಕೆ ಪಕ್ಕದ ಆಟೋದವರ ಜೊತೆ ರಾಜಕೀಯ ಶುರು, ನಲವತ್ತಕ್ಕೆ ಸರ್ಕಾರ ಬಿದ್ದಿರುತ್ತಿತ್ತು. ಹತ್ತಕ್ಕೆ ಸೆಲ್ಫು. ಐದಕ್ಕೆ ಹಿಂದಿನವರ ಹಾರನ್ನು. ಮೂರಕ್ಕೆ ಎಲ್ಲರೂ ಹೊರಟಾಗಿರುತ್ತಿತ್ತು. ಒಂದು ಮತ್ತು ಸೊನ್ನೆ ಅನ್ನುವ ಅಂಕಿಗಳನ್ನು ಈ ಊರಿನಲ್ಲಿ ಕಣ್ಣಾರೆ ಕಂಡವರು ಕಮ್ಮಿ.

ಹೊಸ ಸಿಗ್ನಲ್ ಆಗಿಂದಾಗ್ಗೆ ಮನಸ್ಸು ಬದಲಿಸುತ್ತದೆ. ಎಷ್ಟು ಸೆಕೆಂಡ್ ಅಂತ ಅದಕ್ಕೇ ಮೊದಲೇ ಗೊತ್ತಿಲ್ಲದ ಮೇಲೆ ನಮಗೆ ಹೇಗೆ ಹೇಳೀತು? ಡಬ್ಬಿ ಇದೆ, ಅಂಕಿ ಇಲ್ಲ. ಯಾವಾಗ ಬಿಡುತ್ತೋ ಗೊತ್ತಿಲ್ಲದ ಕಾರಣ ಯಾರೂ ಎಂಜಿನ್ ಆಫ್ ಮಾಡುವುದಿಲ್ಲ. ಎಲ್ಲರೂ ಕ್ಲಚ್ ಹಿಡಿದು, ಕುತ್ತಿಗೆ ಎತ್ತಿ, ಕೆಂಪು ದೀಪವನ್ನೇ ನೋಡುತ್ತಾ ಕೂತಿರುತ್ತಾರೆ. ದೇವಸ್ಥಾನದಲ್ಲೂ ಇಷ್ಟು ಭಕ್ತಿ ಕಾಣುವುದಿಲ್ಲ.

ಇಷ್ಟಾದರೂ ದೊಡ್ಡ ಜಂಕ್ಷನ್‌ನ ನಡುವೆ ಬಿಳಿ ಟೋಪಿಯ ಟ್ರಾಫಿಕ್ ಪೊಲೀಸರು ನಿಂತೇ ಇರುತ್ತಾರೆ. ಗಮನಿಸಿ ನೋಡಿ, ಅವರ ಬೆನ್ನು ಯಾವಾಗಲೂ ಸಿಗ್ನಲ್ ಕಡೆಗೆ. ಬುದ್ಧಿವಂತರ ಮಾತು ಕೇಳುತ್ತಾ ಕೂತರೆ ಕೆಲಸ ಆಗಲ್ಲ ಅಂತ ಅವರಿಗೆ ಅನುಭವದಿಂದ ಗೊತ್ತು. ಮೊನ್ನೆ ಸಂಜೆ ಕೆಂಪು ಇದ್ದಾಗಲೇ ನಮ್ಮ ಸಾಲಿನತ್ತ ಕೈ ಬೀಸಿದರು. ಮುಂದೆ ನಿಂತಿದ್ದ ಬೈಕಿನ ಹುಡುಗ ಜಪ್ಪಯ್ಯ ಅಂದರೂ ಕದಲಲಿಲ್ಲ.

‘ಹೋಗಪ್ಪಾ, ಕೈ ತೋರಿಸ್ತಿಲ್ವಾ?’

‘ಕೆಂಪು ಇದೆ ಸಾರ್, ಕ್ಯಾಮೆರಾ ಫೈನ್ ಹಾಕುತ್ತೆ.’

‘ನಾನು ಹೇಳ್ತಿದೀನಲ್ಲ.’

‘ನೀವು ಹೇಳ್ತೀರಾ ಸಾರ್. ಅದು ಕೇಳ್ಬೇಕಲ್ಲ.’

ಹುಡುಗನದೇನು ತಪ್ಪು? 2022ರ ಡಿಸೆಂಬರ್‌ನಲ್ಲಿ ಚಾಲನೆ ಕೊಟ್ಟ ಐಟಿಎಂಎಸ್ ಎಂಬ ಸಂಚಾರ ನಿರ್ವಹಣಾ ವ್ಯವಸ್ಥೆಯ ಪ್ರಕಾರ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದೋಕೆ 250 ಕ್ಯಾಮೆರಾ, ಕೆಂಪು ದಾಟಿದವರನ್ನು ಹಿಡಿಯೋಕೆ ಇನ್ನೂ 80. ಮೇಲೊಂದು ಸರ್ಕಾರ ನಿಲ್ಲು ಅನ್ನುತ್ತದೆ, ಕೆಳಗೊಂದು ಸರ್ಕಾರ ಹೋಗು ಅನ್ನುತ್ತದೆ. ಮೇಲಿನ ಸರ್ಕಾರ ಫೋಟೊ ತೆಗೆಯುತ್ತದೆ, ಅದಕ್ಕೇ ಭಯ ಜಾಸ್ತಿ.

ಹಾಗಂತ ಫೈನ್ ಕಟ್ಟೋಕೆ ಯಾರೂ ಓಡುವುದಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ಕೆಲವೇ ದಿನದಲ್ಲಿ ನೂರು ಕೋಟಿ ರೂಪಾಯಿಗೂ ಜಾಸ್ತಿ ಬಂತು. ಆಮೇಲೆ ಮತ್ತೆ ಕೊಟ್ಟರು, 2025ರಲ್ಲೂ ಕೊಟ್ಟರು. ಈಗ ಇದು ಚಿಕ್ಕಪೇಟೆಯ ಆಷಾಢ ಸೇಲ್ ಇದ್ದ ಹಾಗೆ. ಪೂರ್ತಿ ರೇಟಿಗೆ ಸೀರೆ ತಂದವರನ್ನು ಮನೆಯಲ್ಲಿ ಹೇಗೆ ನೋಡುತ್ತಾರೋ, ಚಲನ್ ಬಂದ ದಿನವೇ ಕಟ್ಟಿದವರನ್ನು ಆಫೀಸಿನಲ್ಲಿ ಹಾಗೇ ನೋಡುತ್ತಾರೆ. ಕ್ಯಾಮೆರಾ ಸೆಕೆಂಡಿನಲ್ಲಿ ಹಿಡಿಯುತ್ತದೆ, ನಾವು ವರ್ಷಗಟ್ಟಲೆ ಕಾಯುತ್ತೇವೆ. ತಾಳ್ಮೆ ಕಲಿಸಿದ್ದೇ ಈ ಸಿಗ್ನಲ್‌ಗಳು.

ನನ್ನ ಮಟ್ಟಿಗೆ ಈ ಊರು ಕಂಡ ಅತ್ಯುತ್ತಮ ತಂತ್ರಜ್ಞಾನ 2019ರದ್ದು. ಆ ವರ್ಷ ಬಟ್ಟೆ ಅಂಗಡಿಯಲ್ಲಿ ನಿಲ್ಲಿಸುವಂಥ ಗೊಂಬೆಗಳಿಗೆ ಪೊಲೀಸ್ ಯೂನಿಫಾರಂ ಹಾಕಿ ರಸ್ತೆಯಲ್ಲಿ ನಿಲ್ಲಿಸಿದ್ದರು. ಸರ್ವರ್ ಇಲ್ಲ, ಡೇಟಾ ಇಲ್ಲ, ಅಪ್‌ಡೇಟ್ ಕೇಳಲ್ಲ, ಟೀ ಕೂಡ ಕೇಳಲ್ಲ. ದೂರದಿಂದ ನೋಡಿ ಹೆಲ್ಮೆಟ್ ಹಾಕಿಕೊಂಡವರು ಎಷ್ಟೋ ಮಂದಿ. ಅದೇ 2019ಕ್ಕೆ ಟಾಮ್‌ಟಾಮ್ ಕಂಪನಿಯ ಟ್ರಾಫಿಕ್ ಪಟ್ಟಿಯಲ್ಲಿ ಬೆಂಗಳೂರು ಇಡೀ ಜಗತ್ತಿಗೆ ಮೊದಲು ಬಂತು, ಶೇ 71 ದಟ್ಟಣೆ. ಗೊಂಬೆಗಳಿಗೆ ಯಾರೂ ಹಾರ ಹಾಕಲಿಲ್ಲ.

ಆಮೇಲೆ ಇಷ್ಟೊಂದು ಸ್ಮಾರ್ಟ್ ಆದೆವಲ್ಲ, ಫಲಿತಾಂಶ ನೋಡಿ. 2024ರ ಪಟ್ಟಿಯಲ್ಲಿ ಹತ್ತು ಕಿಲೋಮೀಟರ್‌ಗೆ ನಮಗೆ ಬೇಕಾದದ್ದು 34 ನಿಮಿಷ 10 ಸೆಕೆಂಡ್. ಕೋಲ್ಕತ್ತಕ್ಕೆ 34 ನಿಮಿಷ 33 ಸೆಕೆಂಡ್. ಬರೀ 23 ಸೆಕೆಂಡಿನಲ್ಲಿ ಎರಡನೇ ಸ್ಥಾನ ಕೈತಪ್ಪಿತು! ಯಾವುದೋ ಒಂದು ಜಂಕ್ಷನ್‌ನಲ್ಲಿ ಸಿಗ್ನಲ್ ಸರಿಯಾಗಿ ಕೆಲಸ ಮಾಡಿಬಿಟ್ಟಿರಬೇಕು. ಮೆಟ್ರೋ ಇದೆಯಲ್ಲ ಅಂತೀರಾ? ಚಾಲಕರಿಲ್ಲದೆ ಓಡಬಲ್ಲ ರೈಲಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ರೈಲುಗಳು ಮೂರೇ, 25 ನಿಮಿಷಕ್ಕೊಂದು. ಚಾಲಕರು ಬೇಡ ಅಂದದ್ದು ಸರಿ, ರೈಲಾದರೂ ಬೇಕಿತ್ತಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ವ್ಯವಸ್ಥೆ ಕೆಲಸವೇ ಮಾಡಲ್ಲ ಅಂದುಕೊಳ್ಳಬೇಡಿ. ದೊಡ್ಡವರ ಕಾರು ಹೊರಟಾಗ ನೋಡಬೇಕು. ಅವರ ದಾರಿಯ ಸಿಗ್ನಲ್ ಒಂದಾದ ಮೇಲೊಂದು ಹಸಿರು. ಝೀರೋ ಟ್ರಾಫಿಕ್. ಹಿಂದಿನ ಆಂಬುಲೆನ್ಸ್ ಮಾತ್ರ ನಮ್ಮ ಜೊತೆಗೇ ನಿಂತು ಬಾಯಿ ಬಡಿದುಕೊಳ್ಳುತ್ತಿರುತ್ತದೆ. ಮೊನ್ನೆ ಹಾಗೆ ನಿಂತಿದ್ದಾಗಲೇ ಮೊಬೈಲಿಗೆ ಸಂಚಾರ ಸಲಹೆ ಬಂತು. ಈ ರಸ್ತೆಯಲ್ಲಿ ನಿಧಾನಗತಿಯ ಸಂಚಾರ ಇದೆಯಂತೆ, ಪರ್ಯಾಯ ರಸ್ತೆ ಹಿಡಿಯಬೇಕಂತೆ. ಸರಿ ಅಂತ ಪಕ್ಕದ ಅಡ್ಡರಸ್ತೆಗೆ ತಿರುಗಿಸಿದೆ. ಅಲ್ಲಿ ಈ ತುದಿಯಿಂದ ಆ ತುದಿಗೆ ಅಗೆದು ಮಣ್ಣು ಗುಡ್ಡೆ ಹಾಕಿದ್ದರು.

‘ಏನಣ್ಣ, ನೀರಿನ ಪೈಪಾ?’

‘ಅಲ್ಲ ಸಾರ್, ಕೇಬಲ್ಲು. ಇಲ್ಲೊಂದು ಕ್ಯಾಮೆರಾ ಬರುತ್ತಂತೆ, ಟ್ರಾಫಿಕ್ ಯಾಕೆ ಜಾಸ್ತಿ ಅಂತ ನೋಡೋಕೆ.’