ಶುಭ ಕೋರುವವರು ಯಾರು?

ಪೇರಲ ಹಣ್ಣು ಕೀಳುವಾಗ ಜಗ್ಗಬಾರದು, ತೊಟ್ಟನ್ನು ಎರಡು ಸುತ್ತು ತಿರುಗಿಸಬೇಕು ಎಂದು ನನ್ನ ಹೆಂಡತಿ ಹತ್ತು ವರ್ಷಗಳಿಂದ ಹೇಳುತ್ತಿದ್ದಾಳೆ. ನಾನು ಜಗ್ಗುತ್ತೇನೆ, ಟೊಂಗೆ ಮುರಿಯುತ್ತದೆ. ಕಳೆದ ಮಾಘ ಮಾಸದ ಒಂದು ಬೆಳಗ್ಗೆ ಹೆಣ್ಣು ಮಂಗವೊಂದು ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡು ನಮ್ಮ ಗಿಡ ಏರಿತು. ಹಣ್ಣನ್ನು ಮೂಸಿ ನೋಡಿತು, ಸರಿಯಾಗಿ ಎರಡು ಸುತ್ತು ತಿರುಗಿಸಿತು, ಎಲೆ ಕೂಡ ಅಲುಗದಂತೆ ಕಿತ್ತಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಇವಳು, "ನೋಡಿ ಕಲಿಯಿರಿ" ಎಂದಳು. ಮಂಗಗಳ ಪಕ್ಷಕ್ಕೆ ಮೊದಲ ಮತ ಬಿದ್ದದ್ದು ನನ್ನ ಮನೆಯಲ್ಲೇ.

ನಮ್ಮದು ಕಲಬುರಗಿಯ ರಿಂಗ್ ರಸ್ತೆಯಾಚೆಗಿನ ಬಡಾವಣೆ. ಹಿಂದೆ ಇಲ್ಲಿ ತೊಗರಿ ಹೊಲಗಳಿದ್ದವು. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಸೂಚಕ ಸಿಕ್ಕಾಗ ಓಣಿಯವರೆಲ್ಲ ಹಿಗ್ಗಿದೆವು, ಆ ತೊಗರಿಯ ನೆಲದ ಮೇಲೆಯೇ ಮನೆ ಕಟ್ಟಿಕೊಂಡು ಕುಳಿತು! ನಿವೃತ್ತನಾದ ಮೇಲೆ ಮನೆಯ ಹಿಂದೆ ಉಳಿದ ಅಂಗೈಯಗಲದ ಎರೆಮಣ್ಣಿನಲ್ಲಿ ಪೇರಲ, ಸೀತಾಫಲ, ನುಗ್ಗೆ, ಬದನೆ, ಪುಂಡಿಪಲ್ಯ ಎಲ್ಲವನ್ನೂ ಹಾಕಿದೆ. ಸುತ್ತ ಶಹಾಬಾದ್ ಕಲ್ಲಿನ ಗೋಡೆ. ದನ ಬರಬಾರದೆಂದು ಕಟ್ಟಿಸಿದ ಗೋಡೆ ಅದು. ಮಂಗಗಳಿಗೆ ಸಾಲಾಗಿ ಕುಳಿತು ಉಣ್ಣಲು ಅಷ್ಟು ಅನುಕೂಲದ ಕಟ್ಟೆ ಬೇರೆ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ.

ಮೊದಲ ಅಸ್ತ್ರ ಹಾವು. ಹೋಳಿಹುಣ್ಣಿಮೆ ಕಳೆದು ಶರಣಬಸವೇಶ್ವರರ ಜಾತ್ರೆಗೆ ಹೋದಾಗ ಆಟಿಕೆ ಅಂಗಡಿಯಲ್ಲಿ ಮೂರು ಅಡಿ ಉದ್ದದ ರಬ್ಬರ್ ನಾಗರಹಾವು ಕೊಂಡು, ಪೇರಲದ ಟೊಂಗೆಗೆ ಸುತ್ತಿದೆ. ಮಾರನೆಯ ದಿನ ಹಾಲು ತಂದ ಹೆಣ್ಣುಮಗಳು ಅದನ್ನು ನೋಡಿ ಕ್ಯಾನು ಚೆಲ್ಲಿ ಓಡಿದಳು. ನಾಲ್ಕು ಲೀಟರ್ ಹಾಲಿನ ದುಡ್ಡು ಕೊಟ್ಟೆ. ಮಂಗಗಳೂ ಹೆದರಿದವು, ಸುಳ್ಳು ಹೇಳಬಾರದು. ಎರಡು ದಿನ ದೂರದಿಂದ ಕಿರುಚಿದವು. ಮೂರನೆಯ ದಿನ ಒಂದು ಮರಿ ಬಂದು ಬೆರಳಿನಿಂದ ಹಾವಿನ ತಲೆಯನ್ನು ಮುಟ್ಟಿ ಹಿಂದೆ ಸರಿಯಿತು, ಮತ್ತೆ ಮುಟ್ಟಿತು. ಆಮೇಲೆ ಬಾಲ ಹಿಡಿದು ಗೋಡೆಯ ಮೇಲೆಲ್ಲ ಎಳೆದಾಡಿ, ಎದುರು ಮನೆಯ ಪಡಸಾಲೆಯಲ್ಲಿ ಬಿಟ್ಟು ಹೋಯಿತು. ಅಲ್ಲಿಂದ ಬಂದ ಚೀರಾಟದ ವಿವರ ಬೇಡ.

ಹಳೆಯ ಸಿ.ಡಿ.ಗಳನ್ನು ತೂಗುಹಾಕಿದೆ, ಮುಖ ನೋಡಿಕೊಂಡವು. ಖಾರದ ನೀರು ಸಿಂಪಡಿಸಿದೆ, ಗಾಳಿ ನನ್ನ ಕಡೆಗೇ ತಿರುಗಿತು. ಪಟಾಕಿ ಹಚ್ಚಿದೆ, ಪಕ್ಕದ ಮನೆಯ ಬಾಣಂತಿಯ ಅತ್ತೆ ಬಂದು ನಿಂತರು. ಮಲೆನಾಡಿನ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದು ಮಂಗ ಓಡಿಸಿದ ಸುದ್ದಿಯನ್ನು 2019ರಲ್ಲಿ ಓದಿದ್ದು ನೆನಪಾಗಿ ಬಣ್ಣದ ಡಬ್ಬಿಯನ್ನೂ ತಂದೆ. ಆದರೆ ನಮ್ಮ ಓಣಿಯ ನಾಯಿಗೆ ಮಂಗಗಳು ತಿಂದು ಬಿಸಾಕಿದ ಹಣ್ಣಿನಲ್ಲಿ ಪಾಲಿತ್ತು. ಅದು ನನ್ನ ಕೈಯ ಕುಂಚ ನೋಡಿ ಗುರ್ರೆಂದಿತು.

ಇಷ್ಟರಲ್ಲಿ ಎದುರು ಮನೆಯ ಆಯಿಯ ವಿಷಯ ಹೇಳಬೇಕು. ಎಂಬತ್ತರ ಹತ್ತಿರದವರು. ಪ್ರತಿ ಶನಿವಾರ ನನ್ನ ಗೋಡೆಯ ಮೇಲೆ ಕಡಕ್ ರೊಟ್ಟಿ ಇಟ್ಟು "ಬಾರೋ ಹನುಮಪ್ಪಾ" ಎಂದು ಕರೆಯುತ್ತಾರೆ. ಎರಡು ಕೈಯಲ್ಲಿ ಹಿಡಿದು ಕಟಂ ಕಟಂ ಎಂದು ಮುರಿಯುವ ಸದ್ದು ನಮ್ಮ ನಡುಮನೆಯವರೆಗೂ ಕೇಳುತ್ತದೆ. ರೊಟ್ಟಿ ಆಯಿಯದು, ನೆಂಚಿಕೊಳ್ಳಲು ಟೊಮೆಟೊ ನನ್ನದು. ನುಂಗಿದಷ್ಟು ನುಂಗಿ, ಉಳಿದದ್ದನ್ನು ಗಲ್ಲದ ಚೀಲದಲ್ಲಿ ತುಂಬಿಕೊಂಡು ಹೋಗುತ್ತವೆ, ಮದುವೆ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಹೋದ ಹಾಗೆ. ಒಮ್ಮೆ ಕೋಲು ಹಿಡಿದೆ. "ತಮ್ಮಾ, ಲಂಕೆ ಸುಟ್ಟವನ ಮೇಲೆ ಕೋಲು ಎತ್ತುತ್ತೀಯಾ?" ಎಂದರು. ಕೋಲು ಕೆಳಗಿಟ್ಟೆ.

ಕೊನೆಗೆ ದಾರಿ ತೋರಿಸಿದ್ದು ದಿಲ್ಲಿ. 2023ರ ಸೆಪ್ಟೆಂಬರಿನಲ್ಲಿ ಜಿ-20 ಸಭೆಗೆ ಬಂದ ವಿದೇಶಿ ಅತಿಥಿಗಳಿಗೆ ಮಂಗಗಳ ಕಾಟ ಆಗಬಾರದೆಂದು ಅಲ್ಲಿ ಕರಿಮೋರೆಯ ಮುಸುವಗಳ ಆಳೆತ್ತರದ ಕಟೌಟ್‌ಗಳನ್ನು ನಿಲ್ಲಿಸಿದ್ದರು. ಮುಸುವನ ಹಾಗೆ ಕೂಗುವ ಆಳುಗಳನ್ನೂ ನೇಮಿಸಿದ್ದರು. ನಿಜವಾದ ಮುಸುವವನ್ನು ಕಟ್ಟಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಕಟೌಟ್‌ಗೆ ಕಾಯ್ದೆಯಿಲ್ಲ. ಕೂಗುವ ಕೆಲಸವನ್ನು ನಾನೇ ಮಾಡಬಲ್ಲೆ ಎಂದುಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಗಂಟಲು ಇದು.

ಫ್ಲೆಕ್ಸ್ ಅಂಗಡಿಗೆ ಹೋಗಿ ಮೊಬೈಲಿನಲ್ಲಿದ್ದ ಮುಸುವನ ಫೋಟೊ ಕೊಟ್ಟೆ. ಕೌಂಟರಿನ ಹುಡುಗ ಅದನ್ನು ನೋಡಿದ, ನನ್ನನ್ನು ನೋಡಿದ. "ಕಾಕಾ, ಕೆಳಗೆ ಶುಭ ಕೋರುವವರು ಎಂದು ಯಾರ ಹೆಸರು ಹಾಕಬೇಕು?" ಎಂದು ಕೇಳಿದ. ಯಾರೂ ಶುಭ ಕೋರುವುದಿಲ್ಲ ಎಂದೆ. "ಪದನಾಮ?" ಎಂದ. ಅದೂ ಇಲ್ಲ ಎಂದೆ. ಅವನಿಗೆ ಕೆಡುಕೆನಿಸಿತು.

ಎರಡು ದಿನದ ಮೇಲೆ ಹೋಗಿ ಎಂಟುನೂರು ರೂಪಾಯಿ ಎಣಿಸಿ ಕಟೌಟ್ ಬಿಡಿಸಿ ನೋಡಿದರೆ, ಮುಸುವನ ಮುಖ ಹಾಲಿನಲ್ಲಿ ತೊಳೆದಂತೆ ಬೆಳ್ಳಗಿತ್ತು. ತುಟಿಗೆ ತಿಳಿಗೆಂಪು. ಕಣ್ಣಿನಲ್ಲಿ ಕರುಣೆ. ತಲೆಯ ಹಿಂದೆ ಹೊಂಬಣ್ಣದ ಪ್ರಭೆ.

"ಇದೇನಪ್ಪಾ ಇದು?"

"ಫೋಟೊದಲ್ಲಿ ಮುಖ ಬಹಳ ಕಪ್ಪಗಿತ್ತು ಕಾಕಾ. ಸ್ವಲ್ಪ ತಿಳಿ ಮಾಡಿದೆ. ನಮ್ಮಲ್ಲಿಗೆ ಬರುವ ಎಲ್ಲ ಲೀಡರುಗಳಿಗೂ ಹೀಗೇ ಮಾಡುತ್ತೇವೆ. ಇದಕ್ಕೆ ಬೇರೆ ದುಡ್ಡಿಲ್ಲ."

ಕಪ್ಪು ಮೋರೆಗೇ ಮಂಗಗಳು ಹೆದರುವುದು ಎಂದು ಅವನಿಗೆ ಹೇಗೆ ಬಿಡಿಸಿ ಹೇಳುವುದು? ಎಂಟುನೂರು ಹೋಗಿಯಾಗಿತ್ತು. ತಂದು ಗೋಡೆಗೆ ಒರಗಿಸಿ, ಪೇರಲದ ಪಕ್ಕ ನಿಲ್ಲಿಸಿದೆ. ಅದರ ಹಿಂದೆ ಕುಳಿತು ನಾಲ್ಕು ಸಲ ಕೂಗಿದೆ ಕೂಡ. ಹೆಂಡತಿ ಒಳಗಿನಿಂದ ಕಷಾಯ ತಂದು ಕೊಟ್ಟಳು.

ಅದು ಶುಕ್ರವಾರ. ಮಾರನೆಯ ದಿನ ಬೆಳಗ್ಗೆ ಗಂಟೆಯ ಸದ್ದು ಕೇಳಿ ಹಿತ್ತಲಿಗೆ ಹೋದೆ. ಕಟೌಟಿನ ಹಣೆಗೆ ಸಿಂಧೂರ, ಕೊರಳಿಗೆ ಎಕ್ಕೆ ಹೂವಿನ ಹಾರ. ಬುಡದಲ್ಲಿ ಒಡೆದ ತೆಂಗಿನಕಾಯಿ, ಡಜನ್ ಬಾಳೆಹಣ್ಣು, ಊದುಬತ್ತಿ ಸಿಕ್ಕಿಸಲು ನನ್ನದೇ ಬದನೆಕಾಯಿ. ಆಯಿ ಕೈ ಮುಗಿದು ನಿಂತಿದ್ದರು, ಜೊತೆಗೆ ಓಣಿಯ ನಾಲ್ಕು ಮಂದಿ. ಹಾಲಿನ ಹೆಣ್ಣುಮಗಳು ಮಂಗಳಾರತಿಯ ತಟ್ಟೆ ಹಿಡಿದಿದ್ದಳು. ಅದೇ ಹೆಣ್ಣು ಮಂಗ ಕಟೌಟಿನ ಹೆಗಲಿಗೆ ಒರಗಿ ಕುಳಿತು, ನೈವೇದ್ಯದ ಬಾಳೆಹಣ್ಣಿನ ಸಿಪ್ಪೆಯನ್ನು ನಿಧಾನವಾಗಿ ಸುಲಿಯುತ್ತಿತ್ತು. ಗೋಡೆಯ ಮೇಲೆ ಹೊಸ ಮುಖಗಳೂ ಕಂಡವು. ಬೇರೆ ಓಣಿಯವು ಇರಬೇಕು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ತಿರುಗಿ ನನ್ನ ಕಾಲು ನೋಡಿದರು.

"ತಮ್ಮಾ, ಚಪ್ಪಲಿ ಬಿಟ್ಟು ಬಾ."

ಬಿಟ್ಟೆ. ಎಡಗಾಲಿನದು ನುಗ್ಗೆಯ ಕೆಳಗೆ ಸಿಕ್ಕಿತು. ಬಲಗಾಲಿನದನ್ನು ಇನ್ನೂ ಹುಡುಕುತ್ತಿದ್ದೇನೆ.