ಓರಿಯೆಂಟೇಶನ್ ಪೋಸ್ಟರ್ ಅನ್ನೋ ತಲೆನೋವು

ಹೊಸ ಬ್ಯಾಚಿನ ಓರಿಯೆಂಟೇಶನ್‌ಗೆ ಇನ್ನು ಮೂರೇ ದಿನ, ನಮ್ ಡಿಸೈನ್ ಕಾಲೇಜಲ್ಲಿ ವೆಲ್ಕಮ್ ಪೋಸ್ಟರ್ ಪಂಚಾಯ್ತಿನೇ ಇನ್ನೂ ಮುಗಿದಿಲ್ಲ. ಬೇರೆ ಕಡೆ ಆದ್ರೆ ಒಂದು ಬ್ಯಾನರ್ ಕಟ್ಟಿ ಕೈ ತೊಳ್ಕೋತಾರೆ, ಇಲ್ಲಿ ಹಂಗಲ್ಲ, ಇರೋರೆಲ್ಲ ಡಿಸೈನರ್‌ಗಳೇ, ಒಬ್ರಿಗೆ ಫಾಂಟ್ ದಪ್ಪ ಆಯ್ತು, ಇನ್ನೊಬ್ರಿಗೆ ಖಾಲಿ ಜಾಗ ಸಾಲ್ದು, ಮತ್ತೊಬ್ರು ಬಂದು ಲೋಗೋ ಸ್ವಲ್ಪ ದೊಡ್ಡದು ಮಾಡಮ್ಮಾ ಅಂತಾರೆ, ಅದೂ ಪಾಠ ಮಾಡೋ ಮೇಷ್ಟ್ರು! ಆ ಲೋಗೋನಾದ್ರೂ ನೆಟ್ಟಗೆ ಕೊಟ್ರಾ, ವಾಟ್ಸಾಪಲ್ಲಿ ಬಂದ ಜೇಪೆಗ್, ಎ2 ಪೋಸ್ಟರ್ ಸೈಜಿಗೆ ಎಳೆದ್ರೆ ಅಂಚೆಲ್ಲ ಮೆಟ್ಲು ಮೆಟ್ಲು. ವೆಕ್ಟರ್ ಫೈಲ್ (ಎಷ್ಟು ಎಳೆದ್ರೂ ಅಂಚು ಒಡೆಯದ್ದು) ಕೊಡಿ ಅಂದ್ರೆ ಅದೇ ಜೇಪೆಗ್‌ನ ಪಿಡಿಎಫ್ ಒಳಗೆ ಅಂಟಿಸಿ ಕಳ್ಸಿದಾರೆ. ನಗಬೇಕೋ ಅಳಬೇಕೋ.

ಹೆಂಗೋ ಒಂದನ್ನ ಒಪ್ಪಿದ್ರು, ಪ್ರಿಂಟಿಗೆ ಕೊಟ್ಟೆ, ಅವಸರದಲ್ಲಿ ಆರ್‌ಜಿಬಿಲೇ, ಅಂದ್ರೆ ಸ್ಕ್ರೀನಿನ ಬಣ್ಣದ ಲೆಕ್ಕದಲ್ಲೇ, ಬಿಟ್ಟಿದ್ದೆ (ತಪ್ಪು ನಂದೇ, ಒಪ್ಕೋತೀನಿ), ಸ್ಕ್ರೀನ್ ಮೇಲೆ ಮಿರಮಿರ ಅಂತಿದ್ದ ಹಸಿರು ಪ್ರಿಂಟಿನ ನಾಲ್ಕು ಬಣ್ಣದ ಸಿಎಂವೈಕೆ ಇಂಕಲ್ಲಿ ಪಾಚಿ ಬಣ್ಣ ಆಗಿ ಬಂತು.

ಇದರ ಮಧ್ಯೆ ಹೊಸಬ್ರು ತರಬೇಕಾದ ಸಾಮಾನಿನ ಕಿಟ್ ಲಿಸ್ಟ್ ಬೇರೆ. ಕಟಿಂಗ್ ಮ್ಯಾಟ್, ಸ್ಟೀಲ್ ಸ್ಕೇಲ್, ಗಟ್ಟಿ 2ಎಚ್ ಇಂದ ಮೆತ್ತನೆ 6ಬಿ ವರೆಗೆ ಪೆನ್ಸಿಲ್ ಅಂತ ಬಿಡಿಸಿ ಬರೆದು ಮೇಲ್ ಮಾಡಿದೀವಿ, ಆದ್ರೂ ಗ್ರೂಪಲ್ಲಿ ದಿನಾ ಅದೇ ಪ್ರಶ್ನೆ, 'ಅಕ್ಕಾ, ಪ್ಲಾಸ್ಟಿಕ್ ಸ್ಕೇಲ್ ನಡಿಯುತ್ತಾ?' ನಡಿಯಲ್ಲಪ್ಪಾ, ಬ್ಲೇಡು ಮೊದಲು ಸ್ಕೇಲ್‌ನ ಕೆತ್ತುತ್ತೆ, ಆಮೇಲೆ ನಿನ್ನ ಬೆರಳ್ನ.

ಪೋಸ್ಟರ್ ಫೈಲ್ ಹೆಸರು ಸದ್ಯಕ್ಕೆ 'ಫೈನಲ್ ಫೈನಲ್ 9'. ಈಗಷ್ಟೇ ಮೆಸೇಜ್ ಬಂತು, ಹಾಲ್ ಬದಲಾಗಿದೆಯಂತೆ.